ಏಳು ನಿಮಿಷದ ಧ್ಯಾನ

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಪರಿಚಯವಿಲ್ಲದ ಅತ್ತಿಗೆ, ನಾದಿನಿ ಕೂತಿದ್ದರು. ನಾದಿನಿಯ ಕೈಯಲ್ಲಿ ಫೋನು.

“ಅತ್ತಿಗೆ, ಇವತ್ತು ಅಣ್ಣ ಚರ್ಚ್ ಗ್ರೂಪಿಗೆ ಕಳಿಸಿದ ಸುವಾರ್ತೆ ಧ್ಯಾನ ಕೇಳಿದ್ರಾ?”

“ಕೇಳ್ದೆ. ಮಾರ್ಥಳ ಹಾಗೆ ಅಡುಗೆಮನೇಲಿ ಒದ್ದಾಡಬೇಡಿ, ಮರಿಯಳ ಹಾಗೆ ಯೇಸುವಿನ ಪಾದದ ಹತ್ರ ಕೂತ್ಕೊಳ್ಳಿ, ಆತನನ್ನ ನಂಬಿದ್ರೆ ಸಾಕು, ರಕ್ಷಣೆ ಸಿಗುತ್ತೆ ಅಂತ.”

“ಆಮೇಲೆ ರೆಕಾರ್ಡಿಂಗ್ ನಿಲ್ಸೋದು ಮರೆತಿದಾನೆ. ‘ಎಲ್ಲಿ ಸತ್ತೆ? ತಿಂಡಿ ಇನ್ನೂ ಆಗ್ಲಿಲ್ವಾ?’ ಅಂತ ಕೂಗಿದ್ದೂ ಬಂದಿದೆ!”

“ಗೊತ್ತು.”

“ಮುನ್ನೂರು ಜನ ಇದಾರೆ ಅದ್ರಲ್ಲಿ! ಮಾನ ಹೋಯ್ತಲ್ಲ!”

“ಏನೂ ಹೋಗಿಲ್ಲ. ಏಳು ನಿಮಿಷದ ಧ್ಯಾನಕ್ಕೆ ಎರಡೇ ನಿಮಿಷದಲ್ಲಿ ಎಲ್ರೂ ಆಮೆನ್ ಹಾಕಿದಾರೆ. ಪಾಸ್ಟರ್ ಎಲ್ರಿಗಿಂತ ಮೊದಲು.”

“ಸದ್ಯ, ಯೇಸುವೇ ಕಾಪಾಡಿದ. ಆದ್ರೂ ಡಿಲೀಟ್ ಮಾಡಿ ಅಂತ ನೀವು ಹೇಳಬಾರ್ದಿತ್ತಾ?”

“ಹೇಳೋಣ ಅಂತ ಒಲೆ ಆರಿಸಿ ಬಂದೆ ಕಣೇ. ಅಷ್ಟರಲ್ಲಿ ಮರಿಯ ನೆನಪಾದಳು. ಬಾಯಿ ಮುಚ್ಕೊಂಡು ಕೂತ್ಬಿಟ್ಟೆ.”

ನರ್ಸ್ ಬಾಗಿಲು ತೆರೆದು ಕರೆದಳು. ಅತ್ತಿಗೆ ಚೀಲ ಹೆಗಲಿಗೇರಿಸಿ ಒಳಗೆ ಹೊರಟರು. ನಾದಿನಿ ಹಿಂದೆಯೇ ಓಡಿದಳು.

“ಮತ್ತೆ ಅಣ್ಣಂಗೆ ತಿಂಡಿ?”

“ಮಾರ್ಥಳನ್ನ ಕೇಳ್ಲಿ.”