ಮಿಂಚುಳ್ಳಿಯ ಒಂದು ನಿಮಿಷ

ಇಲ್ಲ ಅಕ್ಷರಾ, ಕೂತ್ಕೊಳ್ಳಲ್ಲ... ನಿಂತೇ ಹೇಳ್ತೀನಿ. ಭದ್ರಾವತಿಯಿಂದ ಶಿವಮೊಗ್ಗದ ತನಕ ಬಸ್ಸಲ್ಲಿ ಕೂತೇ ಬಂದಿದೀನಿ. ರಾಗಿಗುಡ್ಡ ಯಾವ ಕಡೆ ಅಂತ ಇಬ್ಬರನ್ನ ಕೇಳಿದೆ, ಇಬ್ಬರೂ ಬೇರೆ ಬೇರೆ ದಿಕ್ಕು ತೋರ್ಸಿದ್ರು. ಯಾಕೆ ನಗ್ತೀಯಾ? ನಗು ಮಾರಾಯ್ತಿ, ನಗು. ನೀನು ನಮ್ಮ ಸ್ಕೂಲ್ ಬಿಟ್ಟು ನಾಲ್ಕು ತಿಂಗಳಾಯ್ತು.

ತಗೋ, ಇದನ್ನ ಕೊಡೋಕೇ ಬಂದಿದ್ದು. ಹೂಂ, ನಮ್ಮ ನೋಟ್‌ಬುಕ್ಕೇ. ವಿಮಲಮ್ಮ ಮೇಡಂ ಬೀರುವಲ್ಲಿ ಇಟ್ಟಿದ್ರು, ಕೇಳಿ ಇಸ್ಕೊಂಡೆ. ನೋಡು, ನಿನ್ನ ಅಕ್ಷರ. 'ಮಿಂಚುಳ್ಳಿ. ಚಿತ್ರಕಥೆ. ಸಂಚಿಕೆ ಒಂದು, ೧೯೯೮. ಬೆಲೆ: ಯಾರಿಗೂ ಹೇಳಬಾರದು.'

ಏಳನೇ ಕ್ಲಾಸಿಗೇ ಅದೆಂಥ ತಲೆ ಓಡ್ತಿತ್ತೇ ನಿಂಗೆ. ಮಿಂಚುಳ್ಳಿ ಅಂದ್ರೆ ಎರಡು ಜಡೆ, ನೀಲಿ ಲಂಗ, ಹೋಂವರ್ಕ್ ಮಾಡದೆ ಬೆಂಚಿನ ಮೇಲೆ ನಿಲ್ಲೋ ಹುಡುಗಿ. ಪಾಠದ ಮಧ್ಯೆ ಒಂದು ನಿಮಿಷ ರೆಪ್ಪೆ ಅಲ್ಲಾಡಿಸದೆ ಕೂತುಬಿಡ್ತಾಳೆ. ಕನಸು ಕಾಣ್ತಿದಾಳೆ ಅಂತ ಮೇಷ್ಟ್ರು ಬೈತಾರೆ. ಆ ಒಂದು ನಿಮಿಷದಲ್ಲಿ ಅವಳು ಭದ್ರಾ ಹೊಳೆಗೆ ಹಾರಿ, ಮುಳುಗ್ತಿರೋ ತೆಪ್ಪದಿಂದ ಮಕ್ಕಳನ್ನ ಎತ್ತಿ ದಡಕ್ಕೆ ಹಾಕಿ, ವಾಪಸ್ ಬಂದು ಕೂತಿರ್ತಾಳೆ. ಯಾರಿಗೂ ಗೊತ್ತಿಲ್ಲ. ಲಂಗದ ಅಂಚು ಮಾತ್ರ ಒದ್ದೆ. ಆ ಒದ್ದೆ ಅಂಚು ಸರಿಯಾಗಿ ಬರ್ಲಿ ಅಂತ ಎಷ್ಟು ಸಲ ಅಳಿಸಿದೀನಿ... ಇಲ್ನೋಡು, ಕಾಗದ ತೂತಾಗಿದೆ.

ಅದೆಲ್ಲ ಬರೀ ಕಥೆ ಅಂದ್ಕೊಂಡಿದ್ದೆ ನಾನು. ಆಮೇಲೆ ಅವತ್ತು ಸ್ಕೂಲಿನ ನೀರಿನ ಟ್ಯಾಂಕ್ ಹಿಂದೆ ನೀನು ಬಿದ್ದೆಯಲ್ಲ... ಕೈಕಾಲು ಸೆಟೆದು, ಬಾಯಲ್ಲಿ ನೊರೆ... ನಿನ್ನ ತಲೆ ತೊಡೆ ಮೇಲಿಟ್ಕೊಂಡು ಕೂತಿದ್ದೆ. ಎಚ್ಚರ ಆದ ಕೂಡ್ಲೇ ನೀನು ಕೇಳಿದ್ದು, 'ಯಾರಾದ್ರೂ ನೋಡಿದ್ರಾ?' ನಾಲ್ಕು ವರ್ಷದಿಂದ ಮಾತ್ರೆ ನುಂಗ್ತಿದೀನಿ ಅಂದೆ. ಒಂದೊಂದ್ಸಲ ಕ್ಲಾಸಲ್ಲಿ ಕೂತಲ್ಲೇ ಒಂದು ನಿಮಿಷ ಎಲ್ಲೋ ಹೋಗಿಬಿಡ್ತೀನಿ, ಎಲ್ಲಿಗೆ ಅಂತ ಗೊತ್ತಾಗಲ್ಲ, ಅದಕ್ಕೇ ಮಿಂಚುಳ್ಳಿನ ಹೊಳೆಗೆ ಕಳಿಸ್ದೆ ಅಂದೆ. ಯಾರಿಗೂ ಹೇಳಲ್ಲ ಅಂತ ನಾನು ಆಣೆ ಮಾಡ್ದೆ.

ಮುಂದಿನ ವಾರ ಗೋಡೆ ಪತ್ರಿಕೇಲಿ ಮಿಂಚುಳ್ಳಿ ಬಂದಾಗ ಇಡೀ ಸ್ಕೂಲು ನಿಂತು ಓದ್ತು. ಹೆಡ್‌ಮೇಷ್ಟ್ರು ಗೋವಿಂದಯ್ಯನವರು ಕನ್ನಡಕ ಒರೆಸ್ಕೊಂಡು ಎರಡು ಸಲ ಓದಿದ್ರು. 'ಇದು ಅಕ್ಷರಾನ ಕಥೆ ಸರ್' ಅಂದ್ರು ವಿಮಲಮ್ಮ ಮೇಡಂ. 'ಸುಮನಾ ಬರೀ ಚಿತ್ರ ಹಾಕಿದಾಳೆ.' ಬರೀ ಅಂದ್ರು. ಇರ್ಲಿ ಬಿಡು, ನಂಗೇನೂ ಬೇಜಾರಾಗ್ಲಿಲ್ಲ... ಹಾಗೆ ನೋಡ್ಬೇಡ. ಸ್ವಲ್ಪ ಆಯ್ತು.

ಎರಡೇ ದಿನಕ್ಕೆ ನಿನ್ನ ಬೆಂಚಿನ ಮೇಲೆ ಬೀಗದ ಕೈ ಗೊಂಚಲು. ಫಿಟ್ಸ್ ಬಂದ್ರೆ ಕೈಗೆ ಕಬ್ಬಿಣ ಕೊಡ್ಬೇಕಂತೆ, ಇಟ್ಕೊಂಡಿರು ಅಂತ ಹುಡುಗ್ರು ನಕ್ಕರು. ಪಕ್ಕದಲ್ಲಿ ಕೂರ್ತಿದ್ದ ಶರಾವತಿ ಬ್ಯಾಗ್ ಎತ್ಕೊಂಡು ಹಿಂದಿನ ಬೆಂಚಿಗೆ ಹೋದ್ಲು. ನೀನು ಅಳ್ಲಿಲ್ಲ. ಗೊಂಚಲು ತಗೊಂಡು ಹೋಗಿ ಮೇಡಂ ಮೇಜಿನ ಮೇಲಿಟ್ಟು ಮನೆಗೆ ನಡೆದೆ. ಮತ್ತೆ ಬರ್ಲೇ ಇಲ್ಲ. ಆ ತಿಂಗಳಲ್ಲೇ ನಿಮ್ಮಪ್ಪ ಇಲ್ಲಿ ಮನೆ ಮಾಡಿದ್ರು.

ಅದೆಲ್ಲ ಆ ಮಲ್ಲಿಕ್ ಕೆಲಸ ಕಣೇ. ಕೊನೆ ಬೆಂಚಿನ ಮಲ್ಲಿಕ್. ಅವತ್ತು ಟ್ಯಾಂಕ್ ಹತ್ರ ನೀನು ಬಿದ್ದಿದ್ದನ್ನ ಮರೇಲಿ ನಿಂತು ನೋಡಿದಾನೆ, ಕ್ಲಾಸಿಗೆಲ್ಲ ಹೇಳಿದಾನೆ. ಅವನ ಹತ್ರ ನಾನು ಮಾತೇ ಬಿಟ್ಟಿದೀನಿ, ಗೊತ್ತಾ...

ಏನು? ಯಾಕೆ ಪುಸ್ತಕ ಮುಚ್ಚಿದೆ?

ಮಲ್ಲಿಕ್ ಅವತ್ತು ಎಲ್ಲಿದ್ದ ಅಂತ ಕೇಳ್ತಿದೀಯಾ? ಬಸ್ಸಿಗೆ ಟೈಮಾಯ್ತು.

...ಹೂಂ. ಅವತ್ತು ಇಡೀ ಕ್ಲಾಸು ತ್ಯಾವರೆಕೊಪ್ಪಕ್ಕೆ ಹುಲಿ ನೋಡೋಕೆ ಹೋಗಿತ್ತು. ಮಲ್ಲಿಕ್ಕೂ ಹೋಗಿದ್ದ. ಗೋಡೆ ಪತ್ರಿಕೆ ಮುಗಿಸ್ಬೇಕು ಅಂತ ಉಳಿದಿದ್ದು ನಾವಿಬ್ರೇ. ಟ್ಯಾಂಕ್ ಹತ್ರ ಇನ್ಯಾರೂ ಇರ್ಲಿಲ್ಲ.

ನಿಂಗೆ ಗೊತ್ತಿತ್ತು. ಗೊಂಚಲು ನೋಡಿದಾಗ್ಲೇ ಗೊತ್ತಾಗಿತ್ತು ಅಲ್ವಾ? ಆದ್ರೂ ಬಾಗಿಲು ತೆಗೆದೆ.

'ಎಂಥ ಕಲ್ಪನೆ ಅಕ್ಷರಾದು' ಅಂತ ಮಲ್ಲಿಕ್ ಹೊಗಳ್ತಿದ್ದ. ಕಲ್ಪನೆ ಏನಿಲ್ಲ, ಅವಳಿಗೆ ಫಿಟ್ಸ್ ಬರತ್ತೆ, ಅದನ್ನೇ ಬರೆದಿರೋದು ಅಂದುಬಿಟ್ಟೆ. ಅಷ್ಟೇ. ಬಾಯಿಂದ ಬಂದ ಮೇಲೆ ಹಿಡಿಯೋಕಾಗ್ಲಿಲ್ಲ... ಇಲ್ಲ, ಸುಳ್ಳು. ಹೇಳುವಾಗ ನಂಗೆ ಖುಷಿಯಾಗಿತ್ತು. ಒಂದು ಕ್ಷಣ. ಅದನ್ನ ಯಾರ ಹತ್ರಾನೂ ಹೇಳೋಕಾಗ್ತಿಲ್ಲ.

ಬೈಯೇ. ಹೊಡಿ ಬೇಕಾದ್ರೆ.

ಒಳಗಿಂದ ನಿಮ್ಮಮ್ಮ ಬರ್ತಿದಾರೆ... ಆಗ್ಲೇ ಬಾಗಿಲಲ್ಲಿ ನನ್ನ ಕೆನ್ನೆ ಸವರಿ, 'ಆ ಕ್ಲಾಸಿಂದ ನೀನೊಬ್ಳಾದ್ರೂ ಬಂದೆಯಲ್ಲ ಮಗಾ' ಅಂದ್ರು. ನಾನು ಹೂಂ ಅಂದೆ. ನಿಮ್ಮಮ್ಮಂಗೂ ನೀನು ಹೇಳಿಲ್ಲ, ಅಲ್ವಾ? ಇಷ್ಟು ದಿನ ನನ್ನ ಹೆಸರು ಹೇಳದೆ ಇಟ್ಕೊಂಡಿದೀಯಾ...

ತಡೀಬೇಡ, ಕೈ ಬಿಡು. ನಾನೇ ಹೇಳ್ತೀನಿ. ಬಿಡೇ. ಬಸ್ಸು ಹೋದ್ರೆ ಹೋಗ್ಲಿ.

ಆಂಟಿ... ಆ ತಿಂಡಿ ತಟ್ಟೆ ಕೆಳಗಿಟ್ಟು ಒಂದ್ನಿಮಿಷ ಕೂತ್ಕೊಳ್ಳಿ.