ಏಳನೇ ದಿನದ ಮುಖ

ಕುಂತೋರು ಕಾಲು ಚಾಚ್ಕೊಳ್ಳಿ, ನಿಂತೋರು ಗೋಡೆಗೆ ಒರಗ್ಕೊಳ್ಳಿ. ಹೂಂ ಅನ್ನೋರು ಒಬ್ಬರಾದ್ರೂ ಇರಬೇಕು, ಇಲ್ದಿದ್ರೆ ನನ್ನ ಕತೆ ಮುಂದಕ್ಕೆ ಹೋಗಲ್ಲ. ಹೆಸರು ನನಗೂ ಗೊತ್ತಿಲ್ಲದ ಒಂದು ಸೀಮೆ. ಆ ಸೀಮೇಲಿ ಜಂಬಯ್ಯ ಅಂತ ಒಬ್ಬ ಹಗಲುವೇಷದವನಿದ್ದ.

ಹಗಲುವೇಷ ಅಂದ್ರೆ ಗೊತ್ತಲ್ಲ? ಬಣ್ಣ ಬಳ್ಕೊಂಡು, ಹಗಲು ಹೊತ್ತಲ್ಲೇ ಬೀದಿ ಬೀದಿ ತಿರುಗಿ ಆಡೋದು. ಒಂದೂರಿಗೆ ಬಂದ್ರೆ ಆರು ದಿನ ಆರು ವೇಷ. ಒಂದಿನ ಹನುಮಂತ, ಒಂದಿನ ತಳವಾರ, ಒಂದಿನ ಸಿಡುಕು ಮುದುಕಿ. ಏಳನೇ ದಿನ ಮಾತ್ರ ವೇಷ ಇಲ್ಲ. ಮುಖ ತೊಳ್ಕೊಂಡು ಮನೆ ಮನೆ ಮುಂದೆ ನಿಂತು, "ನಿಮ್ಮನ್ನ ಆರು ದಿನ ನಗಿಸಿದೋನು ನಾನೇ ಕಣವ್ವಾ" ಅನ್ನಬೇಕು. ಮನೆಯೋರು ಆ ಮುಖ ನೋಡಿ, ಅಯ್ಯೋ ನೀನೇನಾ ಅಂತ ನಕ್ಕು, ಮೊರದ ತುಂಬ ಜೋಳ ಹಾಕಿ, ಒಳಗೆ ಕರೆದು ಊಟಕ್ಕಿಕ್ಕಬೇಕು. ಅದು ಹಿರೀಕರ ಕಾಲದ ಪದ್ಧತಿ. ಜಂಬಯ್ಯನಿಗೆ ಆರು ದಿನಕ್ಕಿಂತ ಆ ಏಳನೇ ದಿನವೇ ಇಷ್ಟ.

ಆ ಮುಖ ಏನು ಚಂದ ಇತ್ತಾ? ಸಿಡುಬಿನ ಕಲೆ, ಮುಂದಿನ ಒಂದು ಹಲ್ಲಿಲ್ಲ. ಮಾತಾಡೋ ಮೊದಲು ಕಿವಿ ಎಳ್ಕೊಳ್ಳೋ ಚಾಳಿ. ಹನುಮಂತನಾಗಿ ಸೂರಿಂದ ಹಾರಿ ಎಡಗಾಲು ಬೇರೆ ಕುಂಟು. ಯಾವ ಕಾಲು ಅಂದೆ? ಎಡಗಾಲು, ನೆನಪಿರಲಿ. ಅವನ ಹೆಂಡತಿ ಗಾಳೆವ್ವ ಮಾತ್ರ, ಆ ಮುಖ ಎದುರಿಗಿದ್ರೇನೇ ನನಗೆ ತುತ್ತು ಇಳಿಯೋದು ಅಂತಿದ್ದಳು.

ಹೀಗಿರುವಾಗ ಆ ಸೀಮೆಯ ದೊರೆ ಜಂಬಯ್ಯನ ಭೀಮನ ವೇಷ ನೋಡಿದ. ನೋಡಿ ಕೂತ ಗಾದಿಯಿಂದ ಎದ್ದು ನಿಂತ. ದೊರೆಯೇ ಎದ್ದ ಮೇಲೆ ಕೇಳಬೇಕಾ? ಊರೂರೇ ಎದ್ದು ನಿಂತಿತು. ಜಂಬಯ್ಯ ಅನ್ನೋ ಹೆಸರು ಹೋಗಿ ಭೀಮಣ್ಣ ಆಯ್ತು. ಬೇರೆ ವೇಷ ಯಾರಿಗೂ ಬೇಡ, ಆರು ದಿನವೂ ಭೀಮನೇ ಬೇಕು. ಹೋದಲ್ಲೆಲ್ಲ ಹಾರ ಹಾಕೋ ಜನ, ಗದೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳೋ ಜನ. ಜಂಬಯ್ಯನಿಗೆ ಖುಷಿಯಾಗಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಬಲು ಖುಷಿಯಾಯ್ತು.

ಏಳನೇ ದಿನ ಬಂತು. ಮುಖ ತೊಳ್ಕೊಂಡು ಹೊರಟ. ಮೊದಲನೇ ಮನೆಯೋರು, ಭೀಮಣ್ಣ ಎಲ್ಲಿ, ನೀನ್ಯಾರು ಅಂದರು. ಎರಡನೇ ಮನೆಯೋರು, ಭೀಮಣ್ಣನ ಹೆಸರು ಹೇಳ್ಕೊಂಡು ಜೋಳ ಎತ್ತಕ್ಕೆ ಬಂದ್ಯಾ ಅಂತ ಬಾಗಿಲು ಹಾಕ್ಕೊಂಡರು. ಮೂರನೇ ಮನೆ ಅಜ್ಜಿ ಗುರುತು ಹಿಡಿದಳು. ಹಿಡಿದು ಏನಂದಳು ಗೊತ್ತಾ?

"ನೀನೇನಪ್ಪಾ? ಈ ಮುಖ ಯಾಕೆ ತೋರಿಸ್ದೆ? ಆ ಮುಖಾನೇ ಚೆನ್ನಾಗಿತ್ತು."

ಬಾಗಿಲು ಹಾಕಿದ್ದನ್ನ ಜಂಬಯ್ಯ ಮರೆತ. ಅಜ್ಜಿ ಮಾತು ಮರೆಯೋಕೆ ಆಗಲಿಲ್ಲ. ಅದು ಎದೇಲಿ ಕೂತುಬಿಡ್ತು.

ಮುಂದಿನೂರಲ್ಲಿ ಏಳನೇ ದಿನ ಅವನು ಮುಖ ತೊಳೀಲಿಲ್ಲ. ಎಂಟನೇ ದಿನವೂ ತೊಳೀಲಿಲ್ಲ. ಆಮೇಲೆ ಬಿಡಾರದಲ್ಲೂ ಭೀಮನೇ. ಪಕ್ಕದಲ್ಲಿ ಗದೆ ಇಟ್ಕೊಂಡು ಊಟ, ಕಿರೀಟ ಇಟ್ಕೊಂಡೇ ನಿದ್ದೆ. ಬಣ್ಣದ ಮೇಲೆ ಬಣ್ಣ ಬಳಿದು ಬಳಿದು ಕೆಳಗೆ ಚರ್ಮ ಉರಿದು ಗುಳ್ಳೆ ಎದ್ದವು. ಹನಿ ಸಿಡಿದು ಎಲ್ಲಿ ಬಣ್ಣ ಕರಗುತ್ತೋ ಅಂತ ನೀರಿನ ಕೊಡದ ಹತ್ರ ಹೋಗೋಕೂ ಹೆದರಿಕೆ. ಹೀಗೇ ಎರಡು ವರ್ಷ ಕಳೀತು.

ಗಾಳೆವ್ವ ಮೊದಲು ನಯವಾಗಿ ಹೇಳಿದಳು, ಆಮೇಲೆ ಗದರಿದಳು, ಆಮೇಲೆ ಅತ್ತಳು. ಕೊನೆಗೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಾನು ಕೈ ಹಿಡಿದಿದ್ದು ಜಂಬಯ್ಯನ್ನ. ದ್ರೌಪದಿ ಗಂಡನಿಗೆ ನಾನ್ಯಾಕೆ ರೊಟ್ಟಿ ಬಡೀಲಿ? ನಾಳೆ ಅವಳು ಬಂದು ನನ್ನ ಜುಟ್ಟು ಹಿಡ್ಕೊಂಡ್ರೆ?"

ಅವನು ನಗಲಿಲ್ಲ.

"ಬಣ್ಣ ತೊಳೆದ್ರೆ ಕೆಳಗೆ ಯಾರೂ ಇಲ್ಲ ಕಣೇ," ಅಂದ. "ಇದ್ರೂ ಅವನು ಯಾರಿಗೂ ಬೇಡ."

ಗಾಳೆವ್ವ ಸೊಂಟದ ಮೇಲಿನ ಕೈ ಇಳಿಸಿದಳು. ಅವಳು ಮತ್ತೆ ಆ ಮಾತೆತ್ತಲಿಲ್ಲ.

ಈಗ ಕೇಳಿ. ಭೀಮಣ್ಣ ಆಗೋಕೆ ಮುಂಚೆ ಅವರು ವರ್ಷಾ ವರ್ಷ ಹೋಗ್ತಿದ್ದ ಒಂದೂರಿಗೆ ಬಂದರು. ಆರು ದಿನ ಆಟ ಮುಗೀತು. ಏಳನೇ ದಿನ ಭೀಮಣ್ಣ ಗುಡಿ ಕಟ್ಟೆ ಮೇಲೆ ಹಾರ ಹಾಕಿಸ್ಕೊಂಡು ಕೂತಿದ್ದ. ಬೀದೀಲಿ ನಗು ಕೇಳಿಸ್ತು. ನೋಡಿದ್ರೆ ಏನು? ಜಂಬಯ್ಯ ಬರ್ತಿದಾನೆ! ಅವನದೇ ಹಳೇ ಪಂಚೆ, ಅವನದೇ ಮಾಸಿದ ರುಮಾಲು, ಮುಖದ ತುಂಬ ಮಸಿ ಚುಕ್ಕಿಯ ಕಲೆ, ಮುಂದಿನ ಹಲ್ಲಿಗೂ ಮಸಿ. ಕಿವಿ ಎಳ್ಕೊಂಡು, ನಿಮ್ಮನ್ನ ನಗಿಸಿದೋನು ನಾನೇ ಕಣವ್ವಾ ಅಂದ. ಯಾರದು? ಇನ್ಯಾರು, ಗಾಳೆವ್ವ.

ಜನ ಮುತ್ತಿಕೊಂಡರು. ಇದು ನಮ್ಮ ಜಂಬಯ್ಯನ ವೇಷ ಅಲ್ವಾ ಅಂದಳು ಒಬ್ಬಳು, ನಾನು ಬಾಣಂತಿ ಇದ್ದಾಗ ತೊಟ್ಟಿಲ ಮುಂದೆ ಕೂತು ಹಾಡಿದ್ದ. ಇಕ್ಕಿದ ರೊಟ್ಟೀಲಿ ಅರ್ಧ ನಾಯಿಗೇ ಹಾಕ್ತಿದ್ದ ಅಂದ ಇನ್ನೊಬ್ಬ. ಒಬ್ಬ ಮುದುಕ ಕಣ್ಣೊರೆಸಿಕೊಂಡು, ಎರಡು ವರ್ಷದಿಂದ ಅವನು ಕಾಣ್ತಿಲ್ಲ, ಎಲ್ಲಿದಾನೋ ಏನೋ ಪುಣ್ಯಾತ್ಮ ಅಂದ. ಕಟ್ಟೆ ಮೇಲೆ ಕೂತ ಭೀಮಣ್ಣ ಅಂಚಿಗೆ ಸರಿದು ಕಿವಿಗೊಟ್ಟ. ತನ್ನನ್ನ ಯಾರೋ ಹುಡುಕ್ತಿದಾರೆ ಅಂತ ಅವನಿಗೆ ಗೊತ್ತೇ ಇರಲಿಲ್ಲ.

ಆದ್ರೂ ಎದ್ದನಾ? ಏಳಲಿಲ್ಲ. ಅಷ್ಟರಲ್ಲಿ ಗಾಳೆವ್ವ ಕುಂಟುತ್ತಾ ಹೊರಟಳು, ಬಲಗಾಲಲ್ಲಿ. ಭೀಮಣ್ಣ ಹಲ್ಲು ಕಚ್ಚಿಕೊಂಡ. ಎರಡನೇ ಮನೆ, ಮತ್ತೆ ಬಲಗಾಲು. ಕಣ್ಣು ಮುಚ್ಚಿಕೊಂಡ. ಮೂರನೇ ಮನೆ, ಮತ್ತೂ ಬಲಗಾಲು. ಹುಟ್ಟಾ ವೇಷಗಾರ, ತಪ್ಪು ವೇಷ ನೋಡ್ಕೊಂಡು ಎಷ್ಟು ಹೊತ್ತು ಕೂತಾನು?

"ಎಡಗಾಲು ಕಣೇ, ಎಡಗಾಲು!" ಅಂತ ಕೂಗಿಬಿಟ್ಟ. ಅದು ಭೀಮನ ಗಂಟಲಲ್ಲ, ಜಂಬಯ್ಯನ ಗಂಟಲು.

"ಜಂಬಯ್ಯನ ಸಂಗತಿ ಭೀಮಣ್ಣಂಗೇನು ಗೊತ್ತು?" ಅಂದಳು ಗಾಳೆವ್ವ. "ಗೊತ್ತಿದ್ರೆ ಮಾಡಿ ತೋರ್ಸು."

ಕಿರೀಟ ಕಿತ್ತಿಟ್ಟು ಬಾವಿ ಹತ್ರ ಓಡಿದ. ಒಂದು ಕೊಡ ನೀರಿಗೆ ಹುಬ್ಬು ಹೋಯ್ತು. ಎರಡನೇ ಕೊಡಕ್ಕೆ ಮೀಸೆ ಹೋಯ್ತು. ಮೂರನೇ ಕೊಡಕ್ಕೆ ಸಿಡುಬಿನ ಕಲೆ ಒಂದೊಂದಾಗಿ ಬಂದವು. ಕಿವಿ ಎಳ್ಕೊಂಡು, ಎಡಗಾಲು ಕುಂಟ್ಕೊಂಡು ಬೀದಿ ಉದ್ದಕ್ಕೂ ನಡೆದ. ಆ ಮುದುಕ ಹತ್ತಿರ ಬಂದು, ಆ ಹಸಿ ಮುಖನ ಎರಡು ಕೈಲಿ ಹಿಡಿದು ನೋಡಿದ.

"ಇದು ವೇಷ ಅಲ್ಲ," ಅಂದ. "ಇವನೇ. ಒಳಗೆ ಬಾರಪ್ಪ, ಊಟ ಮಾಡು."

ಜಂಬಯ್ಯ ಅರ್ಧ ರೊಟ್ಟಿ ತಿಂದು ಅರ್ಧ ನಾಯಿಗೆ ಹಾಕಿದ. ಅವತ್ತಿಂದ ಆರು ದಿನ ಭೀಮ, ಏಳನೇ ದಿನ ದೊರೆ ಕರೆದ್ರೂ ಬರೀ ಮುಖ. ಕೆಲವು ಮನೆಗಳಲ್ಲಿ ಈಗಲೂ ನೀನ್ಯಾರು ಅಂತಾರೆ. ಅವನು ಕಿವಿ ಎಳ್ಕೊಂಡು ಮುಂದಿನ ಮನೆಗೆ ಹೋಗ್ತಾನೆ.

ಒಂದಿನ ದಾರೀಲಿ ಹೆಂಡತೀನ ಛೇಡಿಸಿದ, ಇಷ್ಟು ವರ್ಷ ಬಾಳಿ ಗಂಡನಿಗೆ ಯಾವ ಕಾಲು ಕುಂಟು ಅಂತ ತಿಳೀಲಿಲ್ವಲ್ಲ ನಿಂಗೆ ಅಂತ.

"ಹನ್ನೆರಡು ವರ್ಷದಿಂದ ಆ ಕಾಲಿನ ಹಿಂದೇನೇ ನಡೀತಿದೀನಿ," ಅಂದಳು ಗಾಳೆವ್ವ. "ನನಗೆ ಗೊತ್ತಿಲ್ವಾ?"

ಬಣ್ಣ ಅವನ ಪೆಟ್ಟಿಗೇಲಿ, ಜೋಳ ಅವಳ ಮೊರದಲ್ಲಿ, ಕತೆ ನಿಮ್ಮ ಮಡಿಲಲ್ಲಿ. ನನ್ನ ಗಂಟಲು ಒಣಗಿದೆ, ಹೂಂ ಅಂದೋರು ಒಂದು ಚೊಂಬು ನೀರು ಕೊಡಿ.