ತಾತನ ವಿಳಾಸಕ್ಕೆ ಹೋಗುತ್ತಿದ್ದ ಎಚ್ಚರಿಕೆ

ನಗೋದಾದ್ರೆ ಈಗಲೇ ನಕ್ಕುಬಿಡಿ. ಆಮೇಲೆ ನಗು ಬರಲ್ಲ. ಇದು ಎಲ್ಲೋ ಕೇಳಿದ್ದಲ್ಲ, ನಮ್ಮ ಚಿಕ್ಕಮ್ಮನ ಮಗಳಿಗೆ ಆಗಿದ್ದು. ನಾವೆಲ್ಲ ಅವಳನ್ನ ಅಕ್ಕ ಅಂತೀವಿ. ಅಕ್ಕನಿಗೆ ಸುಳ್ಳು ಹೇಳೋಕೆ ಬರಲ್ಲ, ಹೇಳಿದ್ರೆ ಕಿವಿ ಕೆಂಪಾಗಿ ಸಿಕ್ಕಿಬೀಳ್ತಾಳೆ.

ಅವಳು ಕೆಲಸ ಮಾಡೋ ಆಸ್ಪತ್ರೆಯಿಂದ ಮನೆಗೆ ಬರೋ ಅಡ್ಡದಾರೀಲಿ ಒಂದು ಹಾಳು ಬಾವಿ ಇದೆ. ಮೇಲೆ ಕಬ್ಬಿಣದ ಜಾಲರಿ ಹಾಕಿದಾರೆ. ಆ ರಾತ್ರಿ ಅಕ್ಕ ಒಬ್ಬಳೇ ಬರ್ತಾ ಇದ್ಳು... ಹೆದರಿಕೊಂಡಲ್ಲ, ಉರ್ಕೊಂಡು. ಮೇಲಧಿಕಾರಿ ಮೇಲೆ ಅಷ್ಟು ಸಿಟ್ಟು.

ಯಾಕೆ ಅಂತೀರಾ? ಅಕ್ಕ ಅಲ್ಲಿ ಕಂಪ್ಯೂಟರ್ ನೋಡ್ಕೊಳ್ಳೋಕೆ ಸೇರಿದ್ದು ಆ ವಾರವೇ. ನೆಲಮಾಳಿಗೇಲಿ ಬೀರುವಿನಷ್ಟು ಎತ್ತರದ ಒಂದು ಸ್ಟೋರೇಜ್ ಯಂತ್ರ, ಅದರ ತುಂಬ ಡಿಸ್ಕು. ಎಲ್ಲ ವಾರ್ಡಿನ ಸ್ಕ್ಯಾನ್ ಚಿತ್ರಗಳೂ ಅದರೊಳಗೇ. ಒಂದು ಡಿಸ್ಕ್ ಕೆಟ್ಟರೆ ಮಿಕ್ಕವು ಹೇಗೋ ಸಂಭಾಳಿಸ್ತವೆ. ಅದನ್ನ ಬದಲಾಯಿಸೋ ಮುಂಚೆ ಇನ್ನೊಂದೂ ಕೆಟ್ಟರೆ... ಎಲ್ಲ ಹೋಯ್ತು. ಬೆಳಿಗ್ಗೆ ತಲೆ ಆಪರೇಷನ್ ಆಗಬೇಕಿದ್ದ ಒಂದು ಪುಟ್ಟ ಹುಡುಗಿಯ ಚಿತ್ರಗಳೂ ಅಲ್ಲೇ ಇದ್ವು.

ಡಿಸ್ಕ್ ಕೆಡೋಕೆ ಶುರುವಾದ್ರೆ ಯಂತ್ರ ತಾನೇ ಒಂದು ಮೇಲ್ ಕಳಿಸುತ್ತೆ. ಯಾರಿಗೆ? ಅಲ್ಲೇ ಇರೋದು ಎಡವಟ್ಟು. ಅಕ್ಕನಿಗಿಂತ ಮುಂಚೆ ಆ ಯಂತ್ರ ಕಾಯ್ತಿದ್ದವರನ್ನ ಎಲ್ಲರೂ ತಾತ ಅಂತಿದ್ರು. ತಾತ ಯಾರನ್ನೂ ನಂಬ್ತಿರಲಿಲ್ಲ. ಎಚ್ಚರಿಕೆಗೆ ತಮ್ಮೊಬ್ಬರ ವಿಳಾಸ ಮಾತ್ರ ಹಾಕಿಟ್ಟಿದ್ರು. ತಾತ ತೀರಿಹೋಗಿ ವರ್ಷ ಆಗಿತ್ತು. ಎಚ್ಚರಿಕೆ ಇನ್ನೂ ಅವರಿಗೇ ಹೋಗ್ತಿತ್ತು!

ವಾರ್ಡುಗಳು ಮಲಗಿದ ಮೇಲೆ ಅಕ್ಕ ಯಂತ್ರದ ವೇಗ ಪರೀಕ್ಷೆಗೆ ಕೂತ್ಲು. ದೊಡ್ಡ ದೊಡ್ಡ ಫೈಲು ಒಟ್ಟಿಗೆ ತುಂಬೋದು, ಒಟ್ಟಿಗೆ ತೆಗೆಯೋದು. ಮೊದಮೊದಲು ಚೆನ್ನಾಗಿತ್ತು. ಆಮೇಲೆ ವೇಗ ದಬಕ್ಕನೆ ಬಿತ್ತು. ಫ್ಯಾನುಗಳ ಗುಂಯ್ ನಡುವೆ ಒಂದು ಸದ್ದು... ಕಿರ್ರ್... ಟಕ್. ಟಕ್. ಯಾವ ಡಿಸ್ಕು? ಗೊತ್ತಾಗ್ತಿಲ್ಲ. ಒಂದೊಂದು ಡಿಸ್ಕಿಗೂ ಒಂದು ದೀಪ, ಎಲ್ಲ ಹಸಿರು.

ಎಚ್ಚರಿಕೆಯಾದ್ರೂ ತನಗೆ ಬರಲಿ ಅಂತ ತನ್ನ ವಿಳಾಸ ಹಾಕಿ, ಪರೀಕ್ಷೆಗೊಂದು ಮೇಲ್ ಕಳಿಸಿದ್ಲು. ಬರಲಿಲ್ಲ. ನೋಡ್ತಾಳೆ... ಅಲ್ಲಿ ತಾತನ ವಿಳಾಸ. ಮತ್ತೆ ತನ್ನದು ಹಾಕಿದ್ಲು. ಮತ್ತೆ ತಾತನದು. "ಓಹೋ, ಹಠಾನಾ? ನನಗೂ ಇದೆ" ಅಂತ ಇನ್ನೊಂದು ಸಲ ಹಾಕಿದ್ಲು. ಅದೇ ಕತೆ.

ಮೇಲಧಿಕಾರಿಗೆ ಫೋನ್ ಮಾಡಿದ್ರೆ ಆಕಳಿಸ್ತಾ ಹೇಳ್ದ, "ದೀಪ ಹಸಿರು ಇದೆ ತಾನೇ? ಪಾಸ್ ಅಂತ ಬರೆದು ಮನೆಗೆ ಹೋಗಮ್ಮ."

"ಪಾಸ್ ಆಗದೆ ಬರೆಯಲ್ಲ ಸಾರ್."

"ಹಾಗಾದ್ರೆ ಬೀಗ ಹಾಕು. ಬೆಳಿಗ್ಗೆ ನಾನೇ ಬರೀತೀನಿ."

ಆ ಉರೀಲೇ ಬಾವಿ ಹತ್ರ ಬಂದಿದ್ದು. ಹಿಂದೆ ಚಪ್ಪಲಿ ಎಳೆಯೋ ಸದ್ದು. ಸರ್ರ್... ಸರ್ರ್... ಅಕ್ಕ ನಿಂತ್ರೆ ಅದೂ ನಿಲ್ತು. ಆಮೇಲೆ ಬಾವಿಯೊಳಗಿಂದ...

ಕಿರ್ರ್... ಟಕ್. ಟಕ್.

ಅಕ್ಕ ಓಡಲಿಲ್ಲ. ಜಾಲರಿ ಗಟ್ಟಿಯಾಗಿ ಹಿಡ್ಕೊಂಡು ನಿಂತ್ಲು.

"ಹೊರಟ್ಯಾ ಮಗೂ?" ಬೆನ್ನ ಹಿಂದೆ ಪಿಸುದನಿ.

ಅಕ್ಕ ತಿರುಗಲಿಲ್ಲ. "ಹೊರಡದೆ ಇನ್ನೇನು? ನೀವು ಕೆಲಸ ಮಾಡೋಕೆ ಬಿಟ್ರೆ ತಾನೇ?"

"ಅಪರಾತ್ರೀಲಿ ಎಚ್ಚರಿಕೆ ಬಂದ್ರೆ... ನೀನು ಎದ್ದು ಬರ್ತೀಯಾ? ಯಾರೂ ಬರಲ್ಲ ಮಗೂ..."

ಅಕ್ಕನಿಗೆ ಎಲ್ಲಿತ್ತೋ ಕೋಪ. "ಬರ್ತೀನಿ! ಸತ್ತ ಮೇಲೂ ಬಿಟ್ಟುಕೊಡಲ್ಲ ಅಂದ್ರೆ ಹೇಗೆ ತಾತ? ಇಗೋ, ಈಗಲೇ ವಾಪಸ್ ಹೋಗ್ತೀನಿ. ಯಾವ ಡಿಸ್ಕು ಅಂತ ಹೇಳಿ, ಸುಮ್ಮನೆ ಹೋಗಿ ಮಲಗಿ!"

ಹಿಂದಿನಿಂದ ಅದೇ ದನಿ, "ಕೆಳಗಿನ ಸಾಲು. ಬಲತುದಿ."

ದೆವ್ವವನ್ನೇ ಗದರಿಸಿದ ಹೆಂಗಸು ನಮ್ಮ ಮನೇಲೇ ಇದಾಳೆ ನೋಡಿ!

ವಾಪಸ್ ಹೋಗಿ ಬೀಗ ತೆಗೆದ್ರೆ, ಕೆಳಗಿನ ಸಾಲಿನ ಬಲತುದಿಯ ದೀಪ ಕೆಂಪು. ಪಕ್ಕದ್ದೂ ಮಿಣುಕೋಕೆ ಶುರುವಾಗಿತ್ತು. ಕೆಟ್ಟಿದ್ದನ್ನ ಎಳೆದು ಹೊಸದು ತಳ್ಳಿದ್ಲು... ಖಟ್. ಮಿಕ್ಕ ಡಿಸ್ಕುಗಳಿಂದ ಅದು ತುಂಬಿಕೊಳ್ಳೋವರೆಗೂ ತಣ್ಣನೆ ನೆಲದ ಮೇಲೆ ಕೂತೇ ಇದ್ಲು. ಬೆಳಕು ಹರಿಯೋ ಹೊತ್ತಿಗೆ ಮತ್ತೆ ವೇಗ ಪರೀಕ್ಷೆ. ಈ ಸಲ ಬೀಳಲಿಲ್ಲ. ತನ್ನ ವಿಳಾಸ ಹಾಕಿ ಮೇಲ್ ಕಳಿಸಿದ್ಲು. ಜೇಬಿನಲ್ಲಿ ಫೋನು... ಟಿಣ್. ತಾತನ ವಿಳಾಸ ಅಳಿಸೋಕೆ ಮನಸ್ಸು ಬರಲಿಲ್ಲ, ತನ್ನದರ ಕೆಳಗೆ ಇರಲಿ ಅಂತ ಬಿಟ್ಳು.

ಮೇಲಧಿಕಾರಿ ಬಂದವನೇ ರೇಗಿದ, "ಹೇಳಿದ ಮಾತು ಕೇಳಲ್ವಾ ನೀನು?" ಅಕ್ಕ ಆ ಕೆಟ್ಟ ಡಿಸ್ಕನ್ನ ಅವನ ಮೇಜಿನ ಮೇಲೆ ಇಟ್ಳು. "ಇದರ ಮೇಲೆ ಪಾಸ್ ಅಂತ ನೀವೇ ಬರೀರಿ ಸಾರ್." ಹುಡುಗಿಯ ಚಿತ್ರಗಳು ಹೊತ್ತಿಗೆ ಸರಿಯಾಗಿ ಆಪರೇಷನ್ ಕೋಣೆಗೆ ಹೋದ್ವು. ಈಗ ಅವಳು ಚೆನ್ನಾಗಿದಾಳೆ.

ಕನಸು ಬಿದ್ದಿರಬೇಕು ಅಂತೀರಾ? ಅನ್ನಿ. ತಿಂಗಳುಗಳಾದ ಮೇಲೆ ತಾತನ ಮೇಲ್ ಪೆಟ್ಟಿಗೆ ಮುಚ್ಚಬೇಕು ಅಂತ ಆಸ್ಪತ್ರೆಯವರು ಹೇಳಿದಾಗ, ಅಕ್ಕ ಒಮ್ಮೆ ಅದನ್ನ ತೆರೆದ್ಲು. ನಾನು ಪಕ್ಕದಲ್ಲೇ ನಿಂತಿದ್ದೆ, ಈ ಕಣ್ಣಲ್ಲೇ ನೋಡಿದೀನಿ. ತಾತ ಸತ್ತ ಮೇಲೆ ಬಂದ ಎಚ್ಚರಿಕೆಗಳೆಲ್ಲ ಸಾಲಾಗಿ ಇದ್ವು. ಆ ರಾತ್ರಿವರೆಗಿನ ಪ್ರತಿಯೊಂದನ್ನೂ ಯಾರೋ ತೆರೆದು ಓದಿದ್ರು.

ಆಮೇಲೆ ಬಂದಿದ್ದು ಒಂದನ್ನೂ ತೆರೆದಿರಲಿಲ್ಲ.